ಪಕ್ಕದ ಮನೆ ಅಜ್ಜಿ ಕಲಿಸಿದ ಕಾಕಿ ಹಣ್ಣಿನ ಕೆಲಸ

ನಾನು ಶಿರಸಿ ಹತ್ತಿರದ ಹಳ್ಳಿಯವಳು. 2003ರಲ್ಲಿ ಮದುವೆಯಾಗಿ ಜಪಾನಿನ ನಾಗಾನೋ ಪ್ರಾಂತ್ಯದ ಈದಾ ಕಡೆಗೆ ಬಂದೆ. ಗಂಡನ ಊರು ಅದು. ನಡುವೆ ತೆನ್‌ರ್ಯೂ ನದಿ, ಎರಡೂ ಕಡೆ ಬೆಟ್ಟ, ಇಳಿಜಾರಿನಲ್ಲಿ ಮನೆಗಳು. ಅತ್ತೆ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಹಾಗಾಗಿ ಆ ಊರಿನ ಕೆಲಸಗಳನ್ನೆಲ್ಲ ನನಗೆ ಕಲಿಸಿದವರು ಪಕ್ಕದ ಮನೆ ಅಜ್ಜಿ. ನಾನು ಅವರನ್ನು 'ಒಬಾಚಾನ್' ಅನ್ನುತ್ತಿದ್ದೆ, ಅಂದರೆ ಅಜ್ಜಿ. ಅವರು ನನ್ನನ್ನು 'ಯೋಮೆಸಾನ್' ಅನ್ನುತ್ತಿದ್ದರು, ಅಂದರೆ ಸೊಸೆ.

ಮೊದಲ ಅಕ್ಟೋಬರ್‌ನಲ್ಲಿ ಅಂಗಳದ ಮರದ ತುಂಬ ಕೇಸರಿ ಬಣ್ಣದ ಕಾಕಿ ಹಣ್ಣು, ಇಂಗ್ಲಿಷಿನಲ್ಲಿ ಪರ್ಸಿಮನ್ ಅನ್ನುತ್ತಾರಲ್ಲ, ಅದು. ಒಂದನ್ನು ಕಿತ್ತು ಕಚ್ಚಿದೆ. ಹಸಿ ಗೇರುಹಣ್ಣಿಗಿಂತ ಜಾಸ್ತಿ ಒಗರು, ನಾಲಿಗೆ ಮರಗಟ್ಟಿ ಹೋಯಿತು. ಅಜ್ಜಿ ಬೇಲಿಯಾಚೆಯಿಂದ ನೋಡಿ ಬಿಸಿ ಚಹಾ ಹಿಡಿದು ಬಂದರು. "ಇದನ್ನು ಹಾಗೆ ತಿನ್ನಬಾರದು, ನಾಳೆ ಬಾ, ತೋರಿಸುತ್ತೇನೆ" ಅಂದರು.

ಮರುದಿನ ಅವರ ಮನೆಯಲ್ಲಿ ಐದಾರು ಹೆಂಗಸರು ಸುತ್ತ ಕೂತು ಸಿಪ್ಪೆ ಹೆರೆಯುತ್ತಿದ್ದರು. ನನಗೆ ಒಂದು ಕ್ಷಣ ನಮ್ಮನೆ ಜಗಲಿಯಲ್ಲಿ ಅಡಿಕೆ ಸುಲಿಯುವ ರಾತ್ರಿ ನೆನಪಾಗಿ ಕಣ್ಣು ತುಂಬಿತು. ಭಾಷೆ ಅರ್ಥವಾಗದಿದ್ದರೂ ಆ ಕೂತುಕೊಳ್ಳುವ ರೀತಿ, ಕೈ ನಿಲ್ಲಿಸದೆ ಆಡುವ ಮಾತು ಎಲ್ಲ ನನಗೆ ಗೊತ್ತಿದ್ದದ್ದೇ.

ಹಣ್ಣು ಒಣಗಿಸುವ ಕೆಲಸ ಹೀಗೆ. ಕೊಯ್ಯುವಾಗಲೇ ತೊಟ್ಟಿನ ಜೊತೆ ಚಿಕ್ಕದೊಂದು ಕಡ್ಡಿ ಅಡ್ಡಕ್ಕೆ ಉಳಿಯುವಂತೆ ಕತ್ತರಿಸಬೇಕು. ದಾರ ಕಟ್ಟುವುದು ಅದಕ್ಕೇ. ಸಿಪ್ಪೆ ಪೂರ್ತಿ ತೆಗೆದು, ದಾರದ ಎರಡು ತುದಿಗೆ ಒಂದೊಂದು ಹಣ್ಣು ಕಟ್ಟಿ, ಕುದಿಯುವ ನೀರಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಅದ್ದಬೇಕು. ಬೂಸರು ಬರದಿರಲಿ ಅಂತ. ಆಮೇಲೆ ಮಳೆ ತಾಗದ, ಗಾಳಿ ಆಡುವ ಸೂರಿನಡಿ ಬಿದಿರಿನ ಗಳಕ್ಕೆ ನೇತುಹಾಕುವುದು. ಹಣ್ಣಿಗೆ ಹಣ್ಣು ತಾಗಬಾರದು.

ವಾರ, ಹತ್ತು ದಿನ ಕಳೆದಮೇಲೆ ಇರುವುದೇ ನಿಜವಾದ ಕೆಲಸ. ಹೊರಗೆ ತೆಳು ಪೊರೆ ಗಟ್ಟಿಯಾಗಿರುತ್ತದೆ, ಒಳಗೆ ಇನ್ನೂ ಹಸಿ. ಒಂದೊಂದೇ ಹಣ್ಣನ್ನು ಬೆರಳಲ್ಲಿ ಹಿಡಿದು ಒಳಗಿನ ಗಂಟು ಕರಗುವ ಹಾಗೆ ಮೆಲ್ಲಗೆ ಒತ್ತಬೇಕು. ಜೋರಾಗಿ ಒತ್ತಿದರೆ ಪೊರೆ ಒಡೆದು ರಸ ಸೋರುತ್ತದೆ, ಆ ಹಣ್ಣು ಹೋಯಿತು. ಅಜ್ಜಿ ಬಾಯಲ್ಲಿ ಹೇಳಿದ್ದು ಕಡಿಮೆ. ನನ್ನ ಹೆಬ್ಬೆರಳ ಮೇಲೆ ತಮ್ಮ ಹೆಬ್ಬೆರಳಿಟ್ಟು, ಇಷ್ಟೇ ಭಾರ, ಅಂತ ತೋರಿಸಿದರು. ಒಣಗುತ್ತಾ ಹೋದಂತೆ ಹಣ್ಣಿಗೆ ಒಗರು ಕೊಡುವ ಟ್ಯಾನಿನ್ ಕರಗದ ರೂಪಕ್ಕೆ ತಿರುಗುತ್ತದೆ, ಹಾಗಾಗಿ ನಾಲಿಗೆಗೆ ಒಗರು ಗೊತ್ತಾಗುವುದಿಲ್ಲ. ಐದಾರು ವಾರಕ್ಕೆ ಮೇಲೆಲ್ಲ ಬಿಳಿ ಪುಡಿ ಕಟ್ಟುತ್ತದೆ. ಮೊದಲ ವರ್ಷ ಅದನ್ನು ಬೂಸರು ಅಂದುಕೊಂಡು ಬಟ್ಟೆಯಲ್ಲಿ ಒರೆಸಲು ಹೊರಟಿದ್ದೆ. ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು. ಅದು ಹಣ್ಣಿನ ಸಕ್ಕರೆಯೇ ಹೊರಗೆ ಬಂದದ್ದು. ನಮ್ಮ ಕಣಿವೆಯ ಒಣ ಕಾಕಿಗೆ 'ಇಚಿದಾ ಗಾಕಿ' ಅಂತ ಹೆಸರು. 2016ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು, ನಮ್ಮ ಮೈಸೂರು ವೀಳ್ಯದೆಲೆಗೆ ಇರುವ ಹಾಗೆ. ನದಿಯಿಂದ ಏಳುವ ಬೆಳಗಿನ ಮಂಜು ಹಣ್ಣನ್ನು ಒಮ್ಮೆಗೇ ಒಣಗಲು ಬಿಡುವುದಿಲ್ಲ, ರುಚಿ ಅದರಿಂದಲೇ ಅನ್ನುತ್ತಾರೆ ಇಲ್ಲಿಯವರು.

ಊರು ಬದಲಾದದ್ದು ನನಗೆ ಮೊದಲು ಗೊತ್ತಾಗಿದ್ದು 'ಕೈರಾನ್‌ಬಾನ್'ನಿಂದ. ಊರಿನ ಸುದ್ದಿ, ಸೂಚನೆ ಸಿಕ್ಕಿಸಿದ ಹಲಗೆ ಅದು, ಮನೆಯಿಂದ ಮನೆಗೆ ಕೈಯಲ್ಲೇ ದಾಟಬೇಕು. ಬಂದ ಹೊಸದರಲ್ಲಿ ಅದನ್ನು ಬೇಲಿಯಾಚೆ ಅಜ್ಜಿಗೆ ಚಾಚಿದರೆ ಸಾಕಿತ್ತು. ಆಮೇಲೆ ಒಂದೊಂದೇ ಮನೆ ಬಾಗಿಲು ಹಾಕಿತು. ಮಕ್ಕಳು ನಾಗೋಯಾಕ್ಕೋ ತೋಕಿಯೋಕ್ಕೋ ಹೋದವರು ಹಬ್ಬಕ್ಕೆ ಮಾತ್ರ ಬರುತ್ತಾರೆ. ಈಗ ನಾನು ಆ ಹಲಗೆ ಕೊಡಲು ಪುಟ್ಟ ಟ್ರಕ್ಕಿನಲ್ಲಿ ತಿರುವು ದಾಟಿ ಹೋಗುತ್ತೇನೆ. 2023ರ ಸರ್ಕಾರಿ ಸಮೀಕ್ಷೆಯಲ್ಲಿ ಜಪಾನಿನಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 90 ಲಕ್ಷ. ಅದರಲ್ಲಿ ಒಂದರ ಅಡುಗೆಮನೆಯಲ್ಲಿ ನಾನು ಕಾಕಿ ಹೆರೆಯಲು ಕಲಿತಿದ್ದೆ.

ಈ ಕಣಿವೆ ಖಾಲಿಯಾಗುವುದು ಇದೇ ಮೊದಲಲ್ಲ ಅನ್ನುತ್ತಿದ್ದರು ಅಜ್ಜಿ. ಒಂದು ಕಾಲಕ್ಕೆ ಇಲ್ಲೆಲ್ಲ ಹಿಪ್ಪುನೇರಳೆ ತೋಟ, ರೇಷ್ಮೆಯೇ ಬದುಕು. 1930ರ ಹೊತ್ತಿಗೆ ರೇಷ್ಮೆ ಬೆಲೆ ಕುಸಿಯಿತು. ಆಮೇಲೆ ಸರ್ಕಾರ ರೈತರನ್ನು ಆಗ ಜಪಾನಿನ ಹಿಡಿತದಲ್ಲಿದ್ದ ಚೀನಾದ ಮಂಚೂರಿಯಾಕ್ಕೆ ನೆಲೆಸಲು ಕಳಿಸಿತು. ಜಪಾನಿನಲ್ಲೇ ಹೆಚ್ಚು ಜನ ಹೋದದ್ದು ನಾಗಾನೋದಿಂದ. ಎಷ್ಟೋ ಜನ ತಿರುಗಿ ಬರಲೇ ಇಲ್ಲ. ಅವರ ನೆನಪಿಗೆ ಪಕ್ಕದ ಆಚಿ ಹಳ್ಳಿಯಲ್ಲಿ 2013ರಲ್ಲಿ ಸಂಗ್ರಹಾಲಯ ತೆರೆದಾಗ ಅಜ್ಜಿಯನ್ನು ಕರೆದುಕೊಂಡು ಹೋದೆ. ಒಂದು ಫೋಟೋದ ಮುಂದೆ ಬಹಳ ಹೊತ್ತು ನಿಂತರು. ಯಾರೆಂದು ನಾನು ಕೇಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನನ್ನ ಊರಿನ ಅಮ್ಮನ ಬಗ್ಗೆ ವಿಚಾರಿಸಿದರು.

ಅಜ್ಜಿ ಈಗ ಇಲ್ಲ. ಅವರ ಮರ ಇದೆ. ಕೊಯ್ಯುವವರಿಲ್ಲದ ಇಂಥ ಮರಗಳು ಊರ ತುಂಬ ಇವೆ, ಹಣ್ಣಿಗೆ ಕರಡಿ ಬರುತ್ತದೆ. 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ದೇಶದಲ್ಲಿ 219 ಜನರ ಮೇಲೆ ಕರಡಿ ದಾಳಿಯಾಯಿತು, ಆರು ಜನ ಸತ್ತರು. ಹಣ್ಣು ಮರದಲ್ಲಿ ಬಿಡಬೇಡಿ ಅಂತ ಕೈರಾನ್‌ಬಾನ್‌ನಲ್ಲೂ ಚೀಟಿ ಬರುತ್ತದೆ. ಅದಕ್ಕೇ ನಾನು ಅಕ್ಟೋಬರ್ ಕೊನೆಯಲ್ಲಿ ಖಾಲಿ ಮನೆಗಳವರ ಮಕ್ಕಳಿಗೆ ಫೋನ್ ಮಾಡಿ, ಒಪ್ಪಿಗೆ ಕೇಳಿ, ಉದ್ದ ದೋಟಿ ಹಿಡಿದು ಹೊರಡುತ್ತೇನೆ. ಕೊಯ್ದದ್ದನ್ನು ಒಣಗಿಸಿ ಅವರಿಗೂ ಒಂದು ಡಬ್ಬಿ ಅಂಚೆಯಲ್ಲಿ ಕಳಿಸುತ್ತೇನೆ. ಅವರಲ್ಲಿ ಕೆಲವರಿಗೆ ಅದೊಂದೇ ಈಗ ಊರಿಂದ ಬರುವ ವಸ್ತು. ನವೆಂಬರ್ ಮೊದಲಿಗಿಂತ ಬೆಚ್ಚಗಿರುವುದರಿಂದ ಕೆಲವು ವರ್ಷ ಬೂಸರು ಬರುತ್ತದೆ. ಈಗ ಮೊದಲ ವಾರ ರಾತ್ರಿ ಫ್ಯಾನ್ ಹಾಕುತ್ತೇನೆ, ನೇತುಹಾಕುವುದನ್ನೂ ಚಳಿ ಬೀಳುವವರೆಗೆ ತಡಮಾಡುತ್ತೇನೆ.

ಮರದ ತುದಿಯಲ್ಲಿ ಒಂದು ಹಣ್ಣು ಬಿಡಬೇಕು ಅನ್ನುತ್ತಿದ್ದರು ಅಜ್ಜಿ. 'ಕಿಮಾಮೋರಿ' ಅಂತಾರೆ ಅದಕ್ಕೆ, ಮರವನ್ನು ಕಾಯುವ ಹಣ್ಣು. ಮುಂದಿನ ವರ್ಷವೂ ಫಲ ಕೊಡಲಿ, ಹಕ್ಕಿಗೂ ಸಿಗಲಿ ಅಂತ. ಹೋದ ವರ್ಷ ಅವರ ಮರ ಪೂರ್ತಿ ಬರಿದು ಮಾಡಬೇಕಾಯಿತು. ಕೊನೆಯ ಹಣ್ಣು ದೋಟಿಗೆ ಸಿಕ್ಕಿದಾಗ ಎಳೆಯಲು ಕೈ ಬರಲಿಲ್ಲ, ಸುಮ್ನೆ ನಿಂತೆ. ಆಮೇಲೆ ಎಳೆದೆ. ಅದನ್ನು ಅಜ್ಜಿಯ ಸಮಾಧಿಯ ಕಲ್ಲಿನ ಮೇಲೆ ಇಟ್ಟು ಕೈಮುಗಿದು, ಕರಡಿಯ ಭಯಕ್ಕೆ ವಾಪಸ್ ಬುಟ್ಟಿಗೆ ಹಾಕಿಕೊಂಡು ಮನೆಗೆ ಬಂದೆ.