ಮರಂಗುವಿನ ಹಳೆಯ ಗೆಳೆಯರ ಮನೆಗೆ, ಡಿಸೆಂಬರಿನಲ್ಲಿ

ಟಾಂಜಾನಿಯಾದ ಕಿಲಿಮಂಜಾರೋ ತಪ್ಪಲಿನಲ್ಲಿರುವ ಮರಂಗುವಿನಲ್ಲಿ ಕೆಲ ವರ್ಷ ಗಣಿತದ ಮೇಷ್ಟ್ರಾಗಿದ್ದೆ. ಅಲ್ಲಿನ ಗೆಳೆಯರನ್ನು ನೋಡಿ ಬರೋಣವೆಂದು ಮತ್ತೆ ಹೊರಟಾಗ ಬೇಕೆಂದೇ ಡಿಸೆಂಬರ್ ಆರಿಸಿಕೊಂಡೆ. ಈ ತಪ್ಪಲಿನ ಮೂಲದವರಾದ ಚಗ್ಗಾ ಜನ ದಾರ್ ಎಸ್ ಸಲಾಮಿನಲ್ಲಿರಲಿ, ಅರೂಷಾದಲ್ಲಿರಲಿ, ಕ್ರಿಸ್‌ಮಸ್ಸಿಗೆ ಊರು ಸೇರುತ್ತಾರೆ. ಬೇರೆ ತಿಂಗಳಲ್ಲಿ ಹೋದರೆ ಹೆಚ್ಚಾಗಿ ವಯಸ್ಸಾದವರೇ ಸಿಗುವುದು. ಆದರೆ ದಾರ್‌ನಿಂದ ಬರುವ ಬಸ್ಸುಗಳಲ್ಲಿ ಆಗ ಸೀಟು ಸಿಕ್ಕರೆ ಪುಣ್ಯ. ಹಾಗಾಗಿ ವಿಮಾನದಲ್ಲೇ ಕಿಲಿಮಂಜಾರೋ ನಿಲ್ದಾಣಕ್ಕೆ ಬಂದಿಳಿದೆ. ಹತ್ತಿರದ ಪಟ್ಟಣ ಮೋಶಿಯಿಂದ ದಲಾದಲಾ ಎನ್ನುವ ಬಾಡಿಗೆ ವ್ಯಾನು ಹತ್ತಿ, ಹಿಮೋ ದಾಟಿ ಮರಂಗು ಮ್ಟೋನಿ. ಅಲ್ಲಿಂದ ಮೇಲಕ್ಕೆ ಬೋಡಾಬೋಡಾ, ಅಂದರೆ ಬಾಡಿಗೆ ಬೈಕು.

ಉಡುಗೊರೆಗಳನ್ನು ಮೋಶಿಯ ಮಾರುಕಟ್ಟೆಯಲ್ಲೇ ಕೊಂಡೆ. ಮನೆಗೆ ಸಕ್ಕರೆ, ಅಕ್ಕಿ, ಸೋಪು. ಹಿರಿಯ ಹೆಂಗಸರಿಗೆ ಮೈಗೆ ಸುತ್ತಿಕೊಳ್ಳುವ ಕಾಂಗಾ ಬಟ್ಟೆ. ಕಾಂಗಾದ ಮೇಲೆ ಒಂದು ಸ್ವಾಹಿಲಿ ಮಾತು ಅಚ್ಚಾಗಿರುತ್ತದೆ. ಅದನ್ನು ಅಂಗಡಿಯವರಿಂದ ಓದಿಸಿಕೊಂಡೇ ಕೊಳ್ಳಿ. ಕೆಲವು ನೆರೆಯವರನ್ನು ಚುಚ್ಚಲೆಂದೇ ಬರೆದವು!

ಅಂಗಳದ ಹೊರಗೆ ನಿಂತು ‘ಹೋಡಿ’ (ಒಳಗೆ ಬರಲೇ) ಎಂದು ಕೂಗಿ, ಮನೆಯವರು ‘ಕರೀಬು’ (ಬನ್ನಿ) ಎಂದ ಮೇಲೆ ಒಳಗೆ ಹೋಗುವುದು ಅಲ್ಲಿನ ಪದ್ಧತಿ. ಗೆಳೆಯ ಎದುರಿಗೇ ನಗುತ್ತ ನಿಂತಿದ್ದ. ಆದರೂ ಮೊದಲು ಅವನ ತಾಯಿಗೆ ಬಾಗಿ, ಹಿರಿಯರಿಗೆ ಹೇಳುವ ನಮಸ್ಕಾರ ‘ಶಿಕಾಮೋ’ ಅಂದೆ. ಅದಕ್ಕೆ ಉತ್ತರವಾಗಿ ‘ಮರಹಾಬಾ’ ಎನ್ನುತ್ತ ಕೈ ಹಿಡಿದ ಆ ತಾಯಿ ನನ್ನ ಮನೆ, ಮಕ್ಕಳು, ಕೆಲಸ, ನಮ್ಮೂರ ಮಳೆಬೆಳೆ ಎಲ್ಲ ಕೇಳಿ ಮುಗಿಸುವವರೆಗೂ ಬಿಡಲಿಲ್ಲ. ಅಲ್ಲಿ ಈ ವಿಚಾರಣೆಗೆ ಅವಸರ ಮಾಡಬಾರದು. ನಾನಿಲ್ಲದಾಗ ಗೆಳೆಯನ ತಂದೆ ತೀರಿಕೊಂಡಿದ್ದರು. ಚಗ್ಗಾ ಜನ ತಮ್ಮವರನ್ನು ಮನೆಯ ತೋಟದಲ್ಲೇ, ಬಾಳೆ–ಕಾಫಿ ಗಿಡಗಳ ನಡುವೆ ಮಣ್ಣು ಮಾಡುತ್ತಾರೆ. ಚಹಾ ಕುಡಿಯುವ ಮೊದಲು ಅಲ್ಲಿಗೆ ಹೋಗಿ ಬಂದು, ಸಂತಾಪದ ಮಾತು ‘ಪೋಲೆ’ ಹೇಳಿ, ರಂಬಿರಂಬಿ ಎನ್ನುವ ಸಂತಾಪದ ಕಾಣಿಕೆಯಾಗಿ ಲಕೋಟೆಯಲ್ಲಿ ಸ್ವಲ್ಪ ಹಣ ಕೊಟ್ಟೆ. ತಡವಾಯಿತೆಂದು ಯಾರೂ ಬೇಸರಿಸಲಿಲ್ಲ.

ನಾನು ಮಾಂಸ ತಿನ್ನುವುದಿಲ್ಲ. ಹಬ್ಬಕ್ಕೆ ಆಡು ಕಡಿಯುವ ಮನೆಯಲ್ಲಿ ಊಟಕ್ಕೆ ಕೂತ ಮೇಲೆ ಇದನ್ನು ಹೇಳಿದರೆ ಅಡುಗೆ ಮಾಡಿದವರ ಮುಖ ಸಪ್ಪಗಾಗುತ್ತದೆ. ಹಾಗಾಗಿ ಮುಂಚೆಯೇ ಫೋನಿನಲ್ಲಿ ತಿಳಿಸಿದ್ದೆ. ಹುಡುಗಿಯೊಬ್ಬಳು ಕೈಗೆ ನೀರು ಹುಯ್ದಳು. ಬಾಳೆಕಾಯಿ, ರಾಜ್ಮಾ ಬೆರೆಸಿ ಬೇಯಿಸಿದ ಕಿಬುರು ಬಂತು. ಆಮೇಲೆ ಸೋರೆಬುರುಡೆಯಲ್ಲಿ ಎಂಬೆಗೆ, ಅಂದರೆ ಬಾಳೆಹಣ್ಣು ಬೇಯಿಸಿ ಹುಳಿಸಿ, ಮೊಳಕೆ ರಾಗಿಯ ಹಿಟ್ಟು ಕಲಸಿ ಮಾಡುವ ಹೆಂಡ. ಮಂಡ್ಯದವನಿಗೆ ರಾಗಿ ಹೊಸದಲ್ಲ, ಅದು ಹೀಗೆ ತಲೆಗೇರುವುದು ಹೊಸದು. ಮರದ ತೊಗಟೆಯೊಂದನ್ನೂ ಹಾಕುತ್ತಾರೆ. ನಾಲಿಗೆಯ ತುದಿಯಲ್ಲಿ ಉಳಿಯುವ ಕಹಿ ಅದರದ್ದು.

ಇಲ್ಲಿ ಊಟ, ಪಕ್ಕದ ಮನೆಯಲ್ಲಿ ಬರೀ ಚಹಾ ಎಂಬ ಲೆಕ್ಕ ಮರಂಗುವಿನಲ್ಲಿ ನಡೆಯದು. ದಿನಕ್ಕೆ ಒಂದೇ ಮನೆ ಎಂದಿಟ್ಟುಕೊಂಡರೆ ಹೊಟ್ಟೆಗೂ ಸ್ನೇಹಕ್ಕೂ ಒಳ್ಳೆಯದು. ಹಳೆಯ ಶಾಲೆಗೆ ಮಾತ್ರ ಬೆಳಿಗ್ಗೆ ಹೋಗಿ, ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅತಿಥಿಗಳ ಪುಸ್ತಕಕ್ಕೆ ಸಹಿ ಹಾಕಿ ಬಂದೆ.

ಹೊರಡುತ್ತೇನೆ ಎಂದ ಮೇಲೂ ಹೊರಡಲು ಗಂಟೆಯಾದರೂ ಬೇಕು. ಮನೆಮಂದಿಯೆಲ್ಲ ರಸ್ತೆಯವರೆಗೆ ಬಂದು ಕಳಿಸುತ್ತಾರೆ, ಅಲ್ಲಿ ಮತ್ತೆ ಮಾತು. ಬಾಳೆಗೊನೆಯೊಂದನ್ನು ಬೈಕಿಗೆ ಕಟ್ಟಿಯೇ ಬಿಟ್ಟರು, ಬೇಡ ಎನ್ನಲಿಲ್ಲ. ಮೋಶಿಯಲ್ಲಿ ನಾನಿಳಿದುಕೊಂಡಿದ್ದ ಲಾಡ್ಜಿನ ಅಡುಗೆಯವರು ಮರುದಿನ ಅದರಲ್ಲೇ ಎಲ್ಲರಿಗೂ ಪಲ್ಯ ಮಾಡಿದರು.