ಎಂಜಿನ್ ಒಂದೇ, ಕಾರು ಬೇರೆ: ಮಸ್ಟಾಂಗ್ ಮತ್ತು ಫಾಲ್ಕನ್ ಜೊತೆ ನನ್ನ ಅನುಭವ

ಮೆಲ್ಬರ್ನ್‌ನಲ್ಲಿ ಹಳೆಯ ಕಾರುಗಳನ್ನು ದುರಸ್ತಿ ಮಾಡುವುದು ನನ್ನ ಕೆಲಸ. ಅಮೆರಿಕದ 1970ರ ಮಸ್ಟಾಂಗ್ ಮ್ಯಾಕ್ 1 ಮತ್ತು ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಮಾರುಕಟ್ಟೆಗೆ ಬಂದ ಫಾಲ್ಕನ್ ಎಕ್ಸ್‌ವೈ ಜಿಟಿ ಒಮ್ಮೆ ನನ್ನ ಕೈಗೆ ಒಟ್ಟಿಗೇ ಸಿಕ್ಕವು. ಎರಡೂ ಫೋರ್ಡ್ ಕಾರುಗಳು, ಎರಡರಲ್ಲೂ 5.8 ಲೀಟರಿನ ಕ್ಲೀವ್‌ಲ್ಯಾಂಡ್ ವಿ8 ಎಂಜಿನ್. ಕಂಪನಿ ಘೋಷಿಸಿದ ಶಕ್ತಿ ಎರಡಕ್ಕೂ 300 ಅಶ್ವಶಕ್ತಿ. ಬಾನೆಟ್ಟಿನ ಮೇಲೆ ತಲೆಯೆತ್ತಿ ಎಂಜಿನ್ ಜೊತೆಗೇ ನಡುಗುವ ಗಾಳಿಗೂಡು ‘ಶೇಕರ್’ ಕೂಡ ಎರಡರಲ್ಲೂ ಇತ್ತು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಮೊದಲು ಎರಡೂ ಎಂಜಿನ್‌ಗಳನ್ನು ಒಂದೇ ಮಟ್ಟಕ್ಕೆ ತಂದೆ. ಕಂಪ್ರೆಷನ್ ಹೆಚ್ಚಿರುವುದರಿಂದ 98 ಆಕ್ಟೇನ್ ಪೆಟ್ರೋಲ್ ಹಾಕಿ, ಟೈಮಿಂಗ್ ಮತ್ತು ಕಾರ್ಬ್ಯುರೇಟರ್ ಸರಿಪಡಿಸಿದೆ. ಆದರೂ ಮಸ್ಟಾಂಗ್ ಅತಿಯಾಗಿ ಬಿಸಿಯಾಗುತ್ತಲೇ ಇತ್ತು. ತಂಪುನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಬಿಚ್ಚಿದಾಗ ಕಾರಣ ಸಿಕ್ಕಿತು. ಕ್ಲೀವ್‌ಲ್ಯಾಂಡ್ ಬ್ಲಾಕಿನೊಳಗೆ, ಥರ್ಮೋಸ್ಟಾಟಿನ ಕೆಳಗೆ, ನಡುವೆ ರಂಧ್ರವಿರುವ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ. ಎಂಜಿನ್ ಬಿಸಿಯಾದಾಗ ಥರ್ಮೋಸ್ಟಾಟಿನ ಟೊಪ್ಪಿ ಕೆಳಗಿಳಿದು ಆ ರಂಧ್ರವನ್ನು ಮುಚ್ಚಬೇಕು. ಹಿಂದೆ ಯಾರೋ ಫೋರ್ಡ್‌ನದೇ ಇನ್ನೊಂದು ವಿ8 ಆದ ವಿಂಡ್ಸರ್ ಎಂಜಿನ್ನಿನ ಥರ್ಮೋಸ್ಟಾಟ್ ಕೂರಿಸಿದ್ದರು. ಅದು ಹೊಂದಿಕೊಂಡು ಕೂರುತ್ತದೆ, ರಂಧ್ರವನ್ನು ಮಾತ್ರ ಮುಚ್ಚುವುದಿಲ್ಲ. ಬಿಸಿನೀರು ರೇಡಿಯೇಟರಿನ ಮುಖವನ್ನೇ ಕಾಣದೆ ಪಂಪಿಗೆ ಮರಳುತ್ತಿತ್ತು. ಸರಿಯಾದುದನ್ನು ಹಾಕಿದ ಮೇಲೆ ತಾಪಮಾಪಕದ ಮುಳ್ಳು ಕದಲಲಿಲ್ಲ.

ಆಮೇಲೆ ಎರಡನ್ನೂ ಹಳ್ಳಿಗಾಡಿನ ಒಂದೇ ರಸ್ತೆಯಲ್ಲಿ ಓಡಿಸಿದೆ. ಈ ಎಂಜಿನ್ನಿನ ವಾಲ್ವ್ ದಾರಿಗಳು ಬಲು ಅಗಲ. ಕಡಿಮೆ ವೇಗದಲ್ಲಿ ಆಲಸಿ, ನಿಮಿಷಕ್ಕೆ 3000 ಸುತ್ತು ದಾಟಿದ ಮೇಲೆ ಮದವೇರಿದ ಆನೆ. ಅದು ಎರಡರಲ್ಲೂ ಸಮ. ಸಸ್ಪೆನ್ಷನ್ನಿನ ಮೂಲ ವಿನ್ಯಾಸವೂ ಹೆಚ್ಚುಕಡಿಮೆ ಒಂದೇ. ಚಕ್ರಗಳ ಅಂತರ ಮಸ್ಟಾಂಗ್‌ನಲ್ಲಿ 108 ಅಂಗುಲ, ಫಾಲ್ಕನ್‌ನಲ್ಲಿ 111. ಆದರೆ ಒರಟು ಡಾಂಬರಿನ ತಿರುವುಗಳಲ್ಲಿ ಮಸ್ಟಾಂಗ್‌ನ ಹಿಂಭಾಗ ಪುಟಿಯಿತು. ನಾಲ್ಕು ಬಾಗಿಲಿನ ಫಾಲ್ಕನ್ ನೆಲ ಕಚ್ಚಿ ಸಾಗಿತು. ಇಲ್ಲಿಯೂ ನಮ್ಮೂರಿನಂತೆ ಎಡಬದಿಯ ಸಂಚಾರ. ಎಡಗಡೆ ಸ್ಟೀರಿಂಗ್ ಇರುವ ಮಸ್ಟಾಂಗ್‌ನಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಎದುರಿನ ರಸ್ತೆ ಕಾಣುವುದೇ ಇಲ್ಲ.

ತಿರುವುಗಳಲ್ಲಿ ಕಂಡ ಈ ವ್ಯತ್ಯಾಸದ ಬೇರು ಆಸ್ಟ್ರೇಲಿಯಾದ ಬಾಥರ್ಸ್ಟ್ ಕಾರ್ ರೇಸಿನಲ್ಲಿದೆ ಎಂಬುದು ನನ್ನ ನಂಬಿಕೆ. ಶೋರೂಮಿನಲ್ಲಿ ಮಾರಿದ ಕಾರೇ ಆಗ ಅಲ್ಲಿನ ಬೆಟ್ಟದ ಮೇಲೆ 500 ಮೈಲಿ ಓಡಬೇಕಿತ್ತು. ಎಕ್ಸ್‌ವೈ ಜಿಟಿಯ ರೇಸ್ ಆವೃತ್ತಿಯಾದ 1971ರ ಜಿಟಿ-ಎಚ್‌ಒ ಫೇಸ್ 3ರಲ್ಲಿ 164 ಲೀಟರಿನ ಪೆಟ್ರೋಲ್ ಟ್ಯಾಂಕ್ ಇದ್ದದ್ದು ಅದಕ್ಕಾಗಿಯೇ. ರೇಸ್ ಚಾಲಕ ಅಲನ್ ಮೊಫಾಟ್ ಆ ವರ್ಷ ಅಲ್ಲಿ ಗೆದ್ದದ್ದು ಅದೇ ಕಾರಿನಲ್ಲಿ. ಅಮೆರಿಕದಲ್ಲಿ ಟ್ರ್ಯಾಕಿಗೆಂದು ಬಾಸ್ 302 ಎಂಬ ಬೇರೆ ಮಸ್ಟಾಂಗ್ ಇತ್ತು; ಮ್ಯಾಕ್ 1 ಬೀದಿಯ ಚೆಲುವೆಯಾಗಿ ಉಳಿಯಿತು. ಚೆಲುವೆ ಹೌದು, ಅದರಲ್ಲಿ ನನಗೆ ತಕರಾರಿಲ್ಲ.

ನನ್ನ ಆಯ್ಕೆ ಫಾಲ್ಕನ್. ಕೊಳ್ಳುವವರು ಎಚ್ಚರದಿಂದಿರಬೇಕು: ಫೇಸ್ 3 ಕಾರುಗಳು ಹರಾಜಿನಲ್ಲಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿವೆ, ಸಾಧಾರಣ ಫಾಲ್ಕನ್‌ಗೆ ಜಿಟಿ ವೇಷ ತೊಡಿಸಿ ಮಾರುವವರೂ ಇದ್ದಾರೆ. ಬಣ್ಣಕ್ಕೆ ಮರುಳಾಗುವ ಮೊದಲು ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ದಾಖಲೆಗಳೊಂದಿಗೆ ತಾಳೆ ನೋಡಿ.