ದೇವದೂತರು ಪಾಪಕ್ಕೆ ಬಿದ್ದದ್ದು ಹೇಗೆ? ತರಗತಿಯಲ್ಲಿ ಬಿಡಿಸಿ ಹೇಳುವ ಕ್ರಮ

ಸಂಡೇ ಸ್ಕೂಲಿನಲ್ಲೋ ಧರ್ಮೋಪದೇಶದ ತರಗತಿಯಲ್ಲೋ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ದೇವರು ಉಂಟುಮಾಡಿದ್ದೆಲ್ಲ ಒಳ್ಳೆಯದಾಗಿತ್ತು. ದೇವದೂತರಿಗೆ ದೇಹವಿಲ್ಲ, ಹಸಿವಿಲ್ಲ, ಮರೆವಿಲ್ಲ. ಮರುಳುಮಾಡಲು ಆಗಿನ್ನೂ ಸೈತಾನನೂ ಇರಲಿಲ್ಲ. ಹಾಗಾದರೆ ಮೊದಲ ಪಾಪ ಹುಟ್ಟಿದ್ದು ಎಲ್ಲಿ? ಇದಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ವಚನಗಳಿಗೆ ಇಪ್ಪತ್ತು ನಿಮಿಷ ಸಾಕು. ಹೆಚ್ಚಿನ ಹೊತ್ತು ಸಂಕಲ್ಪದ, ಎಂದರೆ ಬಯಸಿ ಆಯ್ದುಕೊಳ್ಳುವ ಶಕ್ತಿಯ, ವಿಚಾರಕ್ಕೇ ಬೇಕು.

ಮೊದಲು ವಚನಗಳು

ಐದು ವಚನಗಳಿಂದ ಆರಂಭಿಸಿ: 2 ಪೇತ್ರ 2:4, ಯೂದ 6, ಯೋಹಾನ 8:44, 1 ತಿಮೊಥೆಯ 3:6, ಮತ್ತಾಯ 25:41. ದೂತರು ಪಾಪಮಾಡಿದರು, ತಮ್ಮ ಸ್ಥಾನ ಬಿಟ್ಟರು, ಸೈತಾನನು ಸತ್ಯದಲ್ಲಿ ನಿಲ್ಲಲಿಲ್ಲ, ಅದರ ಹಿಂದೆ ಗರ್ವವಿತ್ತು, ಶಿಕ್ಷೆ ನಿತ್ಯವಾದದ್ದು ಎಂಬಿಷ್ಟು ಇವುಗಳಿಂದಲೇ ಸಿಗುತ್ತದೆ.

ಯೆಶಾಯ 14 ಮತ್ತು ಯೆಹೆಜ್ಕೇಲ 28 ಆಮೇಲೆ ಬರಲಿ. ಅವು ನೇರವಾಗಿ ನುಡಿಯುವುದು ಬಾಬೆಲಿನ ಅರಸನಿಗೆ, ತೂರಿನ ಅರಸನಿಗೆ. ಅವುಗಳಲ್ಲಿ ಸೈತಾನನ ಪತನವನ್ನೂ ಕಂಡವರು ಸಭೆಯ ಪಿತೃಗಳು, ಎಂದರೆ ಮೊದಲ ಶತಮಾನಗಳ ಕ್ರೈಸ್ತ ಗುರುಗಳು. ‘ಲೂಸಿಫರ್’ ಮೂಲ ಹೀಬ್ರೂವಿನಲ್ಲಿರುವ ಹೆಸರಲ್ಲ. ಬೆಳಗಿನ ನಕ್ಷತ್ರಕ್ಕೆ ಲ್ಯಾಟಿನ್ ಅನುವಾದ ಬಳಸಿದ ಪದ. ನಮ್ಮ ಮಾತಿನಲ್ಲಿ ಬೆಳ್ಳಿಚುಕ್ಕಿ. ಹಾಗೆಂದರೆ ಮಕ್ಕಳಿಗೂ ಥಟ್ಟನೆ ತಿಳಿಯುತ್ತದೆ. ಮೂರರಲ್ಲೊಂದು ಪಾಲು ದೂತರು ಬಿದ್ದರೆಂಬ ಮಾತಿಗೆ ಆಧಾರ ಪ್ರಕಟನೆ 12:4ರ ನಕ್ಷತ್ರಗಳು. ಅದು ದರ್ಶನದ ಭಾಷೆ, ಅದನ್ನು ಲೆಕ್ಕದ ಪುಸ್ತಕದಂತೆ ಓದಬಾರದು. ಆದಿಕಾಂಡ 6ರ ‘ದೇವಪುತ್ರರ’ ಪ್ರಸಂಗವನ್ನು ಇಲ್ಲಿಗೆ ಎಳೆದು ತರಬೇಡಿ. ಅದು ಆದಾಮನ ಪತನದ ನಂತರದ್ದು, ಆದ್ದರಿಂದ ಮೊದಲ ಪತನಕ್ಕೆ ವಿವರಣೆಯಾಗಲಾರದು.

ಬೇಲಿ ಹಾಕಿಕೊಳ್ಳಿ

‘ಸೈತಾನ ಹುಟ್ಟಿನಿಂದಲೇ ಕೆಟ್ಟವನು’ ಎಂದರೆ ಒಂದೋ ಕೆಟ್ಟದ್ದನ್ನು ದೇವರೇ ಮಾಡಿದಂತಾಯಿತು, ಇಲ್ಲವೇ ಕೆಟ್ಟದ್ದಕ್ಕೆ ಇನ್ನೊಬ್ಬ ದೇವರು ಇದ್ದಂತಾಯಿತು. ಎರಡನೆಯದು ಮಾನಿ ಪಂಥದವರ ದಾರಿ. 561ರಲ್ಲಿ ಬ್ರಾಗಾದಲ್ಲಿ ಸೇರಿದ ಬಿಷಪರ ಸಭೆಯೂ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯೂ ಈ ಬಾಗಿಲನ್ನು ಮುಚ್ಚಿದವು. ಪಿಶಾಚಗಳನ್ನು ದೇವರು ಸ್ವಭಾವತಃ ಒಳ್ಳೆಯವರಾಗಿಯೇ ಸೃಷ್ಟಿಸಿದರು, ಅವರು ತಮ್ಮಿಂದಲೇ ಕೆಟ್ಟವರಾದರು ಎಂಬುದು ಲ್ಯಾಟರನ್ನಿನ ನಿರ್ಣಯ. ಆ ‘ತಮ್ಮಿಂದಲೇ’ ಎಂಬ ಪದವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ.

ತಿರುಳು: ಎರಡು ಬಯಕೆ

ಇಲ್ಲಿ ಅವಸರ ಬೇಡ. ಒಳ್ಳೆಯದಾಗಿರುವುದು ಬೇರೆ, ಬೀಳಲಾಗದಷ್ಟು ನೆಲೆನಿಂತಿರುವುದು ಬೇರೆ. ಶೂನ್ಯದಿಂದ ಉಂಟಾದದ್ದಕ್ಕೆ ಬದಲಾಗುವ ಸಾಧ್ಯತೆ ಇದ್ದೇ ಇರುತ್ತದೆ ಎಂದು ಸಂತ ಅಗಸ್ಟೀನರು ವಾದಿಸಿದರು. ದೇವರನ್ನು ಮುಖಾಮುಖಿ ಕಂಡವರು ಮಾತ್ರ ಅವರಿಂದ ತಿರುಗಲಾರರು. ಸಂತ ಥಾಮಸ್ ಅಕ್ವಿನಾಸರ ಪ್ರಕಾರ ದೂತರಿಗೆ ಆರಂಭದಲ್ಲೇ ಕೃಪೆ ಸಿಕ್ಕಿತ್ತು, ಆದರೆ ಆ ದರ್ಶನದ ಮಹಿಮೆ ಇನ್ನೂ ಸಿಕ್ಕಿರಲಿಲ್ಲ. ಆಯ್ಕೆ ನಡೆದದ್ದು ಕೃಪೆ ಸಿಕ್ಕ ಮೇಲೆ, ಆ ಮಹಿಮೆ ಸಿಗುವ ಮುನ್ನ. ಈ ಒಂದು ಮಾತು ಬಿಟ್ಟುಹೋದರೆ ‘ಸ್ವರ್ಗದಲ್ಲಿ ದೇವರನ್ನು ನೋಡುತ್ತಿದ್ದವರು ಬಿದ್ದದ್ದು ಹೇಗೆ’ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ.

ಮುಂದಿನ ಮೆಟ್ಟಿಲು ಸಂತ ಆನ್ಸೆಲ್ಮರದು. ಹನ್ನೊಂದನೇ ಶತಮಾನದಲ್ಲಿ ಸೈತಾನನ ಪತನದ ಬಗ್ಗೆಯೇ ಅವರು ಗುರು-ಶಿಷ್ಯರ ಸಂಭಾಷಣೆಯೊಂದನ್ನು ಬರೆದರು. ಅದರ ಹೂರಣವನ್ನು ಹೀಗೆ ಹೇಳಬಹುದು: ದೂತನಿಗೆ ಸುಖದ ಬಯಕೆಯೊಂದನ್ನೇ ಕೊಟ್ಟಿದ್ದರೆ ಅವನು ಅದನ್ನು ಬಯಸದೆ ಇರಲಾರ, ಅದರಲ್ಲಿ ನೀತಿಯೂ ಇಲ್ಲ, ಅನೀತಿಯೂ ಇಲ್ಲ. ನ್ಯಾಯದ ಬಯಕೆಯೊಂದನ್ನೇ ಕೊಟ್ಟಿದ್ದರೂ ಕತೆ ಅಷ್ಟೇ. ಎರಡನ್ನೂ ಕೊಟ್ಟಾಗ ಮಾತ್ರ ಸುಖದ ಬಯಕೆಯನ್ನು ನ್ಯಾಯದ ಹಿಡಿತದಲ್ಲಿ ಇಟ್ಟುಕೊಳ್ಳುವ, ಅಥವಾ ಆ ಹಿಡಿತ ಬಿಡುವ ಸ್ವಾತಂತ್ರ್ಯ ಬರುತ್ತದೆ. ಬಿದ್ದವರು ಬಯಸಿದ್ದು ಕೆಟ್ಟ ವಸ್ತುವನ್ನಲ್ಲ. ತಾಳಿ ನಿಂತಿದ್ದರೆ ಸಿಗುತ್ತಿದ್ದ ಒಳ್ಳೆಯದನ್ನೇ ಹೊತ್ತಿಗೆ ಮುಂಚೆ, ದೇವರ ಚಿತ್ತ ಮೀರಿ ಬಯಸಿದರು. ಆ ಒಳ್ಳೆಯದು ಯಾವುದೆಂದು ಆನ್ಸೆಲ್ಮರು ಹೇಳಲಿಲ್ಲ. ನೀವೂ ಊಹಿಸಿ ತುಂಬಿಸಬೇಡಿ.

‘ಅಷ್ಟು ಬುದ್ಧಿವಂತನಿಗೆ ತಪ್ಪೆಂದು ತಿಳಿಯಲಿಲ್ಲವೇ?’ ಎಂದು ಯಾರಾದರೂ ಕೇಳಿದರೆ ಅಕ್ವಿನಾಸರ ಉದಾಹರಣೆ ಕೊಡಿ. ಪಾಪ ಎರಡು ಬಗೆಯಲ್ಲಿ ಆಗುತ್ತದೆ. ಕೆಟ್ಟದ್ದನ್ನೇ ಒಳ್ಳೆಯದೆಂದು ಭ್ರಮಿಸಿ ಹಿಡಿಯುವುದು ಒಂದು. ಅದಕ್ಕೆ ಅಜ್ಞಾನವೋ ಆವೇಶವೋ ಬೇಕು, ದೂತರಿಗೆ ಅವೆರಡೂ ಇರಲಿಲ್ಲ. ಒಳ್ಳೆಯದನ್ನೇ ಅದರ ಕಟ್ಟಳೆಯ ಕಡೆ ಗಮನ ಕೊಡದೆ ಹಿಡಿಯುವುದು ಇನ್ನೊಂದು. ಪ್ರಾರ್ಥನೆ ಒಳ್ಳೆಯದೇ, ಆದರೆ ಸಭೆ ನೇಮಿಸಿದ ಕ್ರಮವನ್ನು ಲೆಕ್ಕಿಸದೆ ಪ್ರಾರ್ಥಿಸುವವನಂತೆ. ದೂತನು ದೇವರಿಗೆ ಸರಿಸಮನಾಗಲು ಬಯಸಿರಲಾರ, ಅದು ಆಗದ ಮಾತೆಂದು ಅವನಿಗೆ ಗೊತ್ತಿತ್ತು. ಕೃಪೆಯ ಹಂಗಿಲ್ಲದೆ ಸ್ವಂತ ಬಲದಿಂದಲೇ ಪರಮಾನಂದ ಪಡೆಯಬಯಸಿದ. ಗರ್ವ ಎಂದರೆ ಇದೇ. ಹೊಟ್ಟೆಕಿಚ್ಚು ಬಂದದ್ದು ಅದರ ಬೆನ್ನಿಗೆ.

‘ಆದರೂ ಯಾಕೆ?’ ಎಂಬ ಪ್ರಶ್ನೆ ಮತ್ತೆ ಏಳುತ್ತದೆ, ಏಳಲೇಬೇಕು. ಬೋಧಕರು ಹೆಚ್ಚಾಗಿ ಎಡವುವುದು ಇಲ್ಲಿಯೇ; ಏನಾದರೊಂದು ಕಾರಣ ತಂದು ತೇಪೆ ಹಾಕುತ್ತಾರೆ. ಸಂಕಲ್ಪವನ್ನು ಕೆಡಿಸಿದ ಹೊರಗಿನ ಕಾರಣವೊಂದು ಸಿಕ್ಕಿದ ಕ್ಷಣವೇ ತಪ್ಪು ಆ ಕಾರಣದ ತಲೆಗೆ ಹೋಗುತ್ತದೆ, ಪಾಪ ಪಾಪವಾಗಿ ಉಳಿಯುವುದಿಲ್ಲ. ಕೆಟ್ಟ ಸಂಕಲ್ಪಕ್ಕೆ ಉಂಟುಮಾಡುವ ಕಾರಣವನ್ನು ಹುಡುಕುವುದು ಕತ್ತಲನ್ನು ಕಣ್ಣಿಂದ ಕಾಣಲು, ಮೌನವನ್ನು ಕಿವಿಯಿಂದ ಕೇಳಲು ಹೊರಟಂತೆ ಎಂದರು ಅಗಸ್ಟೀನರು. ಅಲ್ಲಿರುವುದು ಒಂದು ಕೊರತೆ. ಆನ್ಸೆಲ್ಮರ ಗುರುವಿನ ಉತ್ತರ ಇನ್ನೂ ಚಿಕ್ಕದು: ಬಯಸಿದ್ದರಿಂದಲೇ ಬಯಸಿದ. ಇದು ನುಣುಚಿಕೊಳ್ಳುವ ಉತ್ತರವಲ್ಲ. ಸ್ವತಂತ್ರ ಸಂಕಲ್ಪದ ವಿಚಾರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಉತ್ತರವಿಲ್ಲ.

ಕನ್ನಡದಲ್ಲಿ ಹೇಳುವಾಗ ಎಚ್ಚರ

ಕೇಳುವವರ ಮನಸ್ಸಿನಲ್ಲಿ ಜಯ-ವಿಜಯರ ಕತೆ ಇರಬಹುದು. ಹೋಲಿಕೆಗೆ ಅದನ್ನು ಎತ್ತಿಕೊಳ್ಳಿ, ಆದರೆ ಅಂತರವನ್ನೂ ತೋರಿಸಿ. ಅಲ್ಲಿ ದ್ವಾರಪಾಲಕರು ಬೀಳುವುದು ಸನಕಾದಿ ಋಷಿಗಳ ಶಾಪದಿಂದ, ಮೂರು ಜನ್ಮ ಕಳೆದು ವೈಕುಂಠಕ್ಕೆ ಮರಳುತ್ತಾರೆ. ಇಲ್ಲಿ ಶಾಪವಿಲ್ಲ, ಮರಳುವಿಕೆಯೂ ಇಲ್ಲ. ‘ವಿನಾಶಕಾಲೇ ವಿಪರೀತ ಬುದ್ಧಿ’ ಎಂಬ ಗಾದೆಯೂ ಹೊಂದದು. ಇಲ್ಲಿ ಬುದ್ಧಿ ತಿರುಗಿದ್ದು ಮೊದಲು, ವಿನಾಶ ಬಂದದ್ದು ಆಮೇಲೆ. ‘ದೇವದೂತ’ ಪದದಲ್ಲಿ ‘ದೇವ’ ಇರುವುದರಿಂದ ಅವರನ್ನು ಚಿಕ್ಕ ದೇವತೆಗಳೆಂದುಕೊಳ್ಳುವವರೂ ಇದ್ದಾರೆ. ದೇವರ ದೂತ, ಸೃಷ್ಟಿಯಾದವನು ಎಂದು ಪದ ಬಿಡಿಸಿ ಹೇಳಿ.

ಪಶ್ಚಾತ್ತಾಪ ಏಕಿಲ್ಲ?

ಮನುಷ್ಯ ಒಂದೊಂದೇ ಹೆಜ್ಜೆ ಯೋಚಿಸಿ ತೀರ್ಮಾನಿಸುತ್ತಾನೆ. ನಾಳೆ ಹೊಸದೇನೋ ತಿಳಿದರೆ ಮನಸ್ಸು ಬದಲಿಸುತ್ತಾನೆ. ದೂತನು ಇಡಿಯಾಗಿ ಒಮ್ಮೆಗೇ ಗ್ರಹಿಸುತ್ತಾನೆ, ಆದ್ದರಿಂದ ಒಮ್ಮೆ ಹಿಡಿದದ್ದನ್ನು ಬಿಡುವುದಿಲ್ಲ ಎಂಬುದು ಅಕ್ವಿನಾಸರ ವಿವರಣೆ. ಮನುಷ್ಯರಿಗೆ ಮರಣವಿದ್ದಂತೆ ದೂತರಿಗೆ ಪತನ ಎಂದು ದಮಸ್ಕದ ಸಂತ ಯೋಹಾನರು ಅದಕ್ಕೂ ಮೊದಲೇ ಬರೆದಿದ್ದರು. ದೇವರ ಕರುಣೆ ಸಾಲದೆ ಹೋಯಿತು ಎಂದು ಮಾತ್ರ ಹೇಳಬೇಡಿ. ಕ್ಯಾಥೋಲಿಕ್ ಧರ್ಮೋಪದೇಶದ 393ನೇ ಕಂಡಿಕೆ ಇದನ್ನೇ ಸ್ಪಷ್ಟಪಡಿಸುತ್ತದೆ: ಕಾರಣ ಅವರ ಆಯ್ಕೆಯ ಮಾರ್ಪಡದ ಗುಣ, ಕರುಣೆಯ ಕೊರತೆಯಲ್ಲ.

ಕೊನೆಯ ಹತ್ತು ನಿಮಿಷವನ್ನು ಒಂದು ಪ್ರಶ್ನೆಗಾಗಿ ಉಳಿಸಿಕೊಳ್ಳಿ, ಏಕೆಂದರೆ ಗಮನವಿಟ್ಟು ಕೇಳಿದವರು ಅದನ್ನು ಕೇಳಿಯೇ ಕೇಳುತ್ತಾರೆ: ‘ಹಾಗಾದರೆ ಸ್ವರ್ಗ ಸೇರಿದ ನಮ್ಮ ಹಿರಿಯರೂ ಮುಂದೊಂದು ದಿನ ಬೀಳಬಹುದೇ?’ ಇಲ್ಲ. ನಿಷ್ಠೆಯಿಂದ ನಿಂತ ದೂತರು ಈಗ ನೋಡುತ್ತಿರುವ ದೇವರನ್ನೇ ಅವರೂ ನೋಡುತ್ತಿದ್ದಾರೆ.